ಎಂಜಿನ್ ಕೂತಿತು, ಕಾರು ಒಪ್ಪಲಿಲ್ಲ

ಮುಂಬಯಿ ಬಳಿಯ ಕಲ್ಯಾಣದಲ್ಲಿ ಒಂದು ಕಾಲಕ್ಕೆ ಕಾರು ತಯಾರಾಗುತ್ತಿತ್ತು ಎಂದರೆ ಈಗಿನ ಹುಡುಗರು ಹುಬ್ಬೇರಿಸುತ್ತಾರೆ. 1990ರ ದಶಕದ ನಡುವಿನಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಮತ್ತು ಫ್ರಾನ್ಸಿನ ಪ್ಯೂಜೊ ಕಂಪನಿಗಳು ಕೂಡಿ ಅಲ್ಲಿ ‘309’ ಎಂಬ ಕಾರು ಕಟ್ಟುತ್ತಿದ್ದವು. ಕಾರು ಬಹಳ ದಿನ ಬಾಳಲಿಲ್ಲ. ಪ್ಯೂಜೊದ 1,527 ಸಿಸಿ ಡೀಸೆಲ್ ಎಂಜಿನ್ ಮಾತ್ರ ಬಾಳಿತು. ಅದನ್ನೇ ಮಾರುತಿ ಕಂಪನಿ ತನ್ನ ಜೆನ್ ಮತ್ತು ಎಸ್ಟೀಮ್ ಡೀಸೆಲ್ ಕಾರುಗಳಿಗೆ ಹಾಕಿಕೊಂಡಿತು. ಇಂಥ ಕೂಡಿಕೆ ಪ್ರೀಮಿಯರ್‌ಗೆ ಹೊಸದೇನಲ್ಲ. 1985ರಲ್ಲಿ ಅವರು ತಂದ 118 ಎನ್‌ಇ ಕಾರಿನ ಮೈ ಫಿಯೆಟ್ 124ರದ್ದು, ಎಂಜಿನ್ ಜಪಾನಿನ ನಿಸಾನ್‌ನದ್ದು.

ಆ ಕಾಲದ ಡೀಸೆಲ್ ಎಂಜಿನ್ ಓಡಲು ಎಷ್ಟು ವಿದ್ಯುತ್ ಬೇಕಿತ್ತು? ಸ್ಟಾರ್ಟರಿಗೆ ಒಂದು ದಪ್ಪ ತಂತಿ, ಹೀಟರ್ ಪ್ಲಗ್ಗುಗಳಿಗೆ ಒಂದು, ಡೀಸೆಲ್ ಪಂಪಿನ ಸೊಲೆನಾಯ್ಡಿಗೆ ಒಂದು. ಅಷ್ಟೇ. ಒಮ್ಮೆ ಹೊತ್ತಿಕೊಂಡರೆ ಬ್ಯಾಟರಿ ಇದೆಯೋ ಇಲ್ಲವೋ ಎಂದು ಎಂಜಿನ್ ಕೇಳುತ್ತಿರಲಿಲ್ಲ. ಸೊಲೆನಾಯ್ಡಿಗೆ ಹನ್ನೆರಡು ವೋಲ್ಟು ಸಿಗುತ್ತಿದ್ದರೆ ಸಾಕು. ಎಂಜಿನ್ ಬದಲಿಸುವುದು ಕಬ್ಬಿಣದ ಕೆಲಸವಾಗಿತ್ತು. ಮೌಂಟಿಂಗ್ ಕೂರಬೇಕು, ಗೇರ್‌ಬಾಕ್ಸ್ ಕಚ್ಚಬೇಕು, ರೇಡಿಯೇಟರ್ ಪೈಪು ತಲುಪಬೇಕು. ಉಳಿದದ್ದು ವೆಲ್ಡಿಂಗ್ ಮಾಡುವವನ ಕೈಚಳಕ.

ಈಗ ಇನ್ನೊಂದು ಹಂಚಿಕೆಯ ಎಂಜಿನ್ ನೋಡಿ. ಫಿಯೆಟ್‌ನ 1,248 ಸಿಸಿ ಮಲ್ಟಿಜೆಟ್. ಮಾರುತಿ ಸ್ವಿಫ್ಟ್, ಟಾಟಾ ಇಂಡಿಕಾ ವಿಸ್ಟಾ, ಫಿಯೆಟ್ ಪುಂಟೊ ಮೂರರ ಬಾನೆಟ್ ಕೆಳಗೂ ಅದೇ. ಎಷ್ಟು ಕಂಪನಿಗಳು ಹಂಚಿಕೊಂಡವೆಂದರೆ ಪತ್ರಕರ್ತರು ತಮಾಷೆಗೆ ‘ರಾಷ್ಟ್ರೀಯ ಎಂಜಿನ್’ ಎಂದು ಕರೆದರು. ಹಾಗಾದರೆ ವಿಸ್ಟಾದ ಎಂಜಿನ್ ಇಳಿಸಿ ಸ್ವಿಫ್ಟ್‌ಗೆ ಏರಿಸಬಹುದಲ್ಲ? ಕಬ್ಬಿಣದ ಮಟ್ಟಿಗೆ ಹೆಚ್ಚುಕಡಿಮೆ ಹೌದು. ಆದರೆ ಎಂಜಿನ್ನಿನ ಜೊತೆಗೆ ವಿಸ್ಟಾದ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆಯನ್ನೂ ತಂದರೆ, ಸ್ವಿಫ್ಟ್‌ನ ಮೀಟರು, ಎಬಿಎಸ್, ಸ್ಟೀರಿಂಗ್ ಯಾವುದೂ ಅದನ್ನು ಗುರುತಿಸುವುದಿಲ್ಲ.

ಈ ಪ್ರಶ್ನೆ ಥಾಣೆ ಜಿಲ್ಲೆಯಲ್ಲಿ ಮತ್ತೆ ಮತ್ತೆ ಏಳುವುದಕ್ಕೆ ಕಾರಣ ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದದ್ದು ಎಲ್ಲರಿಗೂ ನೆನಪಿದೆ. ಅಂದು ಕಲ್ಯಾಣ, ಬದ್ಲಾಪುರದ ಕಡೆ ಉಲ್ಹಾಸ್ ನದಿಯೂ ದಡ ಮೀರಿತ್ತು. 2019ರ ಜುಲೈ 27ರಂದು ಅದೇ ನದಿ ಮತ್ತೆ ಉಕ್ಕಿ, ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿ ನಡುವೆ ನೀರಲ್ಲಿ ನಿಂತಿತು. ರೈಲನ್ನೇ ನಿಲ್ಲಿಸುವ ನೀರು ಕಾರನ್ನು ಬಿಟ್ಟೀತೇ? 1,200 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಎಂದರೆ ಒಂದೊಂದು ಸಿಲಿಂಡರಿಗೆ 300 ಸಿಸಿ. ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ ಸುಮಾರು 33 ಸಿಸಿ, ಎರಡು ದೊಡ್ಡ ಚಮಚದಷ್ಟು. ಗಾಳಿಯಾದರೆ ಅಷ್ಟರಲ್ಲಿ ಅಡಗುತ್ತದೆ. ನೀರು ಅಡಗುವುದಿಲ್ಲ. ಅದಕ್ಕಿಂತ ಹೆಚ್ಚು ನೀರು ಒಳಹೊಕ್ಕು, ಮಾಲೀಕ ಗಾಬರಿಯಲ್ಲಿ ಮತ್ತೆ ಕೀಲಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕೆಲವೊಮ್ಮೆ ಬ್ಲಾಕನ್ನೇ ಒಡೆದು ಹೊರಬರುತ್ತದೆ. ಸಾಮಾನ್ಯ ವಿಮೆ ಇದನ್ನು ‘ನಂತರದ ಹಾನಿ’ ಎಂದು ಪಕ್ಕಕ್ಕಿಡುವುದೇ ಹೆಚ್ಚು. ಎಂಜಿನ್ ರಕ್ಷಣೆಯ ಹೆಚ್ಚುವರಿ ಕಂತು ಕಟ್ಟದವರಿಗೆ ಹೊಸ ಎಂಜಿನ್ನಿನ ಬೆಲೆ ಕೇಳಿ ತಲೆ ತಿರುಗುತ್ತದೆ. ಆಗ ಕುರ್ಲಾದ ಸಿಎಸ್‌ಟಿ ರಸ್ತೆಯ ಭಂಗಾರ್ ಅಂಗಡಿಗಳ ದಾರಿ. ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ ಇದ್ದ ಹಾಗೆ.

ಎಂಜಿನ್ ಸಿಗುತ್ತದೆ, ಕೂರುತ್ತದೆ. ಸ್ಟಾರ್ಟರ್ ತಿರುಗುತ್ತದೆ. ಎಂಜಿನ್ ಒಂದೆರಡು ಕ್ಷಣ ಹೊತ್ತಿಕೊಂಡು ಆರಿಹೋಗುತ್ತದೆ, ಅಥವಾ ಹೊತ್ತುವುದೇ ಇಲ್ಲ.

ಇಸಿಯು ಬದಲಾಗಿದ್ದರೆ ಮೊದಲ ಗುಮಾನಿ ಇಮೊಬಿಲೈಜರ್ ಮೇಲೆ. ಕೀಲಿಯ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿ ಬೇಕಿಲ್ಲ. ಇಗ್ನಿಷನ್ ಬೀಗದ ಸುತ್ತ ಇರುವ ತಂತಿಸುರುಳಿ ಸುಮಾರು 125 ಕಿಲೊಹರ್ಟ್ಜ್‌ನಲ್ಲಿ ಕಂಪಿಸುತ್ತ ಚಿಪ್ಪಿಗೆ ಶಕ್ತಿ ಊಡುತ್ತದೆ, ಚಿಪ್ ತನ್ನ ಗುರುತು ಹೇಳುತ್ತದೆ. ಆ ಗುರುತು ಇಸಿಯು ಒಳಗೆ ಬರೆದಿಟ್ಟದ್ದಕ್ಕೆ ಹೊಂದಿದರೆ ಮಾತ್ರ ಇಂಧನ. ಬೇರೆ ಕಾರಿನ ಇಸಿಯು ತಂದರೆ ನಿಮ್ಮ ಕೀಲಿ ಅದಕ್ಕೆ ಕಳ್ಳಕೀಲಿಯೇ. ಎಂಜಿನ್ ಕೊಳ್ಳುವಾಗ ಅದರ ಇಸಿಯು, ಇಮೊಬಿಲೈಜರ್ ಪೆಟ್ಟಿಗೆ, ಕೀಲಿ ಮೂರನ್ನೂ ಒಂದೇ ಕಾರಿನಿಂದ ಬಿಚ್ಚಿಸಿ ತರುವುದು ಒಂದು ದಾರಿ. ಅಧಿಕೃತ ಸರ್ವಿಸ್‌ನಲ್ಲಿ ಹೊಸದಾಗಿ ಹೊಂದಿಸಿಕೊಳ್ಳುವುದು ಇನ್ನೊಂದು. ಮೂರನೆಯದನ್ನು ಗಲ್ಲಿಯ ಹುಡುಗರು ಲ್ಯಾಪ್‌ಟಾಪ್ ಹಿಡಿದು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ: ಇಮೊಬಿಲೈಜರನ್ನೇ ಇಸಿಯು ಸಾಫ್ಟ್‌ವೇರಿನಿಂದ ಅಳಿಸಿಬಿಡುವುದು. ಕಾರು ಓಡುತ್ತದೆ, ನಿಜ. ಕದಿಯುವವನಿಗೂ ಓಡುತ್ತದೆ.

ಎರಡನೆಯದು ಎಣಿಕೆಯ ತಕರಾರು. ಕ್ರ್ಯಾಂಕಿಗೆ ಹೊಂದಿಕೊಂಡ ಒಂದು ಹಲ್ಲಿನ ಚಕ್ರ, ಅದರ ಪಕ್ಕದಲ್ಲಿ ಒಂದು ಸೆನ್ಸರ್. ಬಹಳಷ್ಟು ಎಂಜಿನ್ನುಗಳಲ್ಲಿ 60 ಹಲ್ಲಿನ ಜಾಗದಲ್ಲಿ 58 ಇದ್ದು ಎರಡು ಹಲ್ಲು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಒಂದು ಹಲ್ಲಿಗೆ 6 ಡಿಗ್ರಿ. ಖಾಲಿ ಜಾಗ ಕಂಡಾಗ ಇಸಿಯುಗೆ ಪಿಸ್ಟನ್ ಎಲ್ಲಿದೆ ಎಂದು ತಿಳಿಯುತ್ತದೆ. ಬೇರೆ ಎಂಜಿನ್ನಿನ ಚಕ್ರದಲ್ಲಿ 36ರಲ್ಲಿ ಒಂದು ಹಲ್ಲು ಖಾಲಿ ಇದ್ದರೆ ಹಳೆಯ ಇಸಿಯು ಎಣಿಸಿ ಎಣಿಸಿ ದಿಕ್ಕು ತಪ್ಪುತ್ತದೆ, ಕಿಡಿ ಕೊಡುವುದಿಲ್ಲ. ಕಾಮನ್ ರೈಲ್ ಡೀಸೆಲ್ ಆದರೆ ಇನ್ನೊಂದು ಸೂಕ್ಷ್ಮವಿದೆ. 1,600 ಬಾರ್ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳು ಒಂದರಂತೆ ಒಂದಿರುವುದಿಲ್ಲ. ಆ ಕೂದಲೆಳೆಯ ವ್ಯತ್ಯಾಸವನ್ನು ಕಾರ್ಖಾನೆಯಲ್ಲೇ ಅಳೆದು ಹಲವು ಇಂಜೆಕ್ಟರುಗಳ ಮೈಮೇಲೆ ಒಂದು ಸಂಕೇತ ಕೊರೆದಿರುತ್ತಾರೆ. ಇಂಜೆಕ್ಟರ್ ಬದಲಾದರೆ ಆ ಸಂಕೇತವನ್ನು ಇಸಿಯುಗೆ ಬರೆಯಬೇಕು. ಬರೆಯದಿದ್ದರೂ ಎಂಜಿನ್ ಓಡುತ್ತದೆ, ಆದರೆ ನಡುಗುತ್ತದೆ, ಹೊಗೆ ಬಿಡುತ್ತದೆ; ಮೆಕ್ಯಾನಿಕ್ ‘ಮೌಂಟಿಂಗ್ ಹೋಗಿರಬೇಕು ಸಾಬ್’ ಎನ್ನುತ್ತಾನೆ.

ಎಂಜಿನ್ ಓಡಿತು ಎನ್ನೋಣ. ಅಸಲಿ ಕಥೆ ಇಲ್ಲಿಂದ ಶುರು, ಏಕೆಂದರೆ ಈಗ ಕಾರಿನ ಉಳಿದ ಪೆಟ್ಟಿಗೆಗಳು ಒಪ್ಪಬೇಕು. ಅವುಗಳನ್ನೆಲ್ಲ ಹೆಣೆದಿರುವುದು ಒಂದಕ್ಕೊಂದು ಸುತ್ತಿಕೊಂಡ ಎರಡು ಸಪೂರ ತಂತಿ. ಕ್ಯಾನ್ ಎಂಬ ಈ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ರೂಪಿಸಲು ಹೊರಟು 1986ರಲ್ಲಿ ಲೋಕದ ಮುಂದಿಟ್ಟಿತು. ಸುಮ್ಮನಿದ್ದಾಗ ಎರಡೂ ತಂತಿಗಳಲ್ಲಿ 2.5 ವೋಲ್ಟು. ಯಾವುದೋ ಪೆಟ್ಟಿಗೆ ಮಾತಾಡಿದಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ವ್ಯತ್ಯಾಸವನ್ನು ಮಾತ್ರ. ಸ್ಟಾರ್ಟರ್, ಕಿಡಿ, ಹಾರ್ನ್‌ಗಳ ವಿದ್ಯುತ್ ಗದ್ದಲ ಎರಡೂ ತಂತಿಗೆ ಸಮವಾಗಿ ಬಡಿಯುವುದರಿಂದ ವ್ಯತ್ಯಾಸ ಕೆಡುವುದಿಲ್ಲ. ಸೆಕೆಂಡಿಗೆ 5 ಲಕ್ಷ ಬಿಟ್ ಸಾಮಾನ್ಯ ವೇಗ.

ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ, ಅದರ ಹಿಂದೆ ಹೆಚ್ಚೆಂದರೆ ಎಂಟು ಬೈಟ್ ಮಾಹಿತಿ. ವಿಳಾಸ ಇಲ್ಲ. ಎಂಜಿನ್ ಇಸಿಯು ‘ಇದು ಮೀಟರಿಗೆ’ ಎಂದು ಹೇಳುವುದಿಲ್ಲ. ತಂತಿಗೆ ಬಿಡುತ್ತದೆ, ಬೇಕಾದವರು ಹೆಕ್ಕಿಕೊಳ್ಳುತ್ತಾರೆ. ಇಬ್ಬರು ಒಟ್ಟಿಗೇ ಬಾಯಿ ತೆರೆದರೆ ಚಿಕ್ಕ ಸಂಖ್ಯೆಯದು ಗೆಲ್ಲುತ್ತದೆ. ಕಲ್ಯಾಣ ಜಂಕ್ಷನ್‌ನಲ್ಲಿ ಕಸಾರಾ ಕಡೆಯಿಂದ ಮೇಲ್ ಗಾಡಿ ಬಂದಾಗ ಲೋಕಲ್ ಹೊರಗೆ ಕಾದು, ದಾರಿ ತೆರವಾದೊಡನೆ ಹೊರಡುತ್ತದಲ್ಲ, ಹಾಗೆ ಸೋತ ಸಂದೇಶ ಕಾದು ಮತ್ತೆ ಹೊರಡುತ್ತದೆ. ಯಾವುದೂ ನಾಶವಾಗುವುದಿಲ್ಲ. ಸೊಗಸಾದ ಏರ್ಪಾಟು. ತೊಡಕೆಂದರೆ, ಯಾವ ಸಂಖ್ಯೆಯಲ್ಲಿ ಯಾವ ಮಾಹಿತಿ ಎಂಬುದನ್ನು ಪ್ರತಿ ಕಂಪನಿಯೂ ತನ್ನಿಷ್ಟದಂತೆ ಇಟ್ಟುಕೊಂಡಿದೆ, ಹೊರಗೆ ಹೇಳುವುದೂ ಇಲ್ಲ. ವಿಸ್ಟಾದ ಇಸಿಯು ಸ್ವಿಫ್ಟ್‌ನಲ್ಲಿ ಮೂಕವಾಗುವುದು ಇಲ್ಲಿ.

ಪರಿಣಾಮಗಳು ವಿಚಿತ್ರ. ಎಂಜಿನ್ ಓಡುತ್ತಿದೆ ಎಂಬ ಸಂದೇಶ ಬಾರದಿದ್ದರೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಬ್ಯಾಟರಿ ಉಳಿಸಲು ಸಹಾಯ ನಿಲ್ಲಿಸಬಹುದು, ಸ್ಟೀರಿಂಗ್ ಕಲ್ಲಾಗುತ್ತದೆ. ನೀರಿನ ಬಿಸಿ ಎಷ್ಟೆಂದು ತಿಳಿಯದೆ ಎಸಿ ಕಂಪ್ರೆಸರ್ ಹಿಡಿಯುವುದಿಲ್ಲ. ನವಿ ಮುಂಬಯಿಯ ಮೇ ತಿಂಗಳಿನಲ್ಲಿ ಇದೇನು ಸಣ್ಣ ವಿಷಯವಲ್ಲ. ಆರ್‌ಪಿಎಂ ಮುಳ್ಳು ಮಲಗಿರುತ್ತದೆ. ಎಬಿಎಸ್ ದೀಪ ಆರುವುದಿಲ್ಲ.

ಬಿಡಿಸುವ ಮೊದಲ ಹೆಜ್ಜೆ ಅಗ್ಗದ ಮಲ್ಟಿಮೀಟರ್. ಸ್ಟೀರಿಂಗ್ ಕೆಳಗಿನ 16 ಪಿನ್‌ಗಳ ಸ್ಕ್ಯಾನರ್ ಸಾಕೆಟ್ಟಿನಲ್ಲಿ 6 ಮತ್ತು 14ನೆಯವು ಕ್ಯಾನ್ ತಂತಿಗಳು. ಬ್ಯಾಟರಿ ಕಳಚಿ ಅವುಗಳ ನಡುವೆ ಅಳೆದರೆ 60 ಓಮ್ ಬರಬೇಕು, ಏಕೆಂದರೆ ಸಾಲಿನ ಎರಡು ತುದಿಗೂ ಒಂದೊಂದು 120 ಓಮ್ ರೆಸಿಸ್ಟರ್ ಇರುತ್ತದೆ. ಅನೇಕ ಕಾರುಗಳಲ್ಲಿ ಇದರಲ್ಲೊಂದು ಎಂಜಿನ್ ಇಸಿಯು ಒಳಗೇ ಕೂತಿರುತ್ತದೆ. ಹಳೆ ಇಸಿಯು ಕಿತ್ತು ಬದಿಗಿಟ್ಟರೆ ರೆಸಿಸ್ಟರೂ ಹೋಯಿತು. ಮೀಟರ್ 120 ತೋರಿಸುತ್ತದೆ, ಸಂದೇಶಗಳು ತುದಿಯಲ್ಲಿ ಬಡಿದು ಮರಳಿ ತಮ್ಮನ್ನೇ ಕೆಡಿಸಿಕೊಳ್ಳುತ್ತವೆ. ಕೆಲವೇ ರೂಪಾಯಿಯ ಒಂದು ರೆಸಿಸ್ಟರ್ ಸಾಕಿದ್ದ ಕಡೆ ಸಾವಿರಾರು ರೂಪಾಯಿಯ ಮೀಟರ್ ಬೋರ್ಡು ಬದಲಾಗುವುದು ಹೀಗೆ. ಹಾಗೆಯೇ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ. ಅದನ್ನು ಬಿಗಿಯದೆ ಬಿಟ್ಟರೆ ಸೆನ್ಸರುಗಳೆಲ್ಲ ಸುಳ್ಳು ಹೇಳತೊಡಗುತ್ತವೆ. ಮುಳುಗಿದ ಕಾರಾಗಿದ್ದರೆ ಕಾರ್ಪೆಟ್ ಎತ್ತಿ ಕನೆಕ್ಟರ್ ಪಿನ್‌ಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಿಸುವುದು ಎಂಜಿನ್ನಿಗಿಂತ ಮುಖ್ಯ.

ಎಲ್ಲ ಸರಿಯಿದ್ದೂ ಪೆಟ್ಟಿಗೆಗಳ ಭಾಷೆ ಬೇರೆಯಾಗಿದ್ದರೆ ಬೇಕಾಗುವುದು ದುಭಾಷಿ. ಕ್ಯಾನ್ ಚಿಪ್ ಇರುವ ಚಿಕ್ಕ ಮೈಕ್ರೊಕಂಟ್ರೋಲರ್ ಬೋರ್ಡು ಒಂದು ಬದಿಯಿಂದ ಹೊಸ ಇಸಿಯು ಮಾತು ಕೇಳಿ ಇನ್ನೊಂದು ಬದಿಗೆ ಹಳೆ ಮೀಟರಿಗೆ ತಿಳಿಯುವ ಸಂಖ್ಯೆಯಲ್ಲಿ ಬಿಡುತ್ತದೆ. ಗಣಿತ ಶಾಲೆಯ ಮಟ್ಟದ್ದೇ. ಸ್ಕ್ಯಾನರುಗಳ ಪ್ರಮಾಣಿತ ಪದ್ಧತಿಯಲ್ಲಿ ಆರ್‌ಪಿಎಂ ಎರಡು ಬೈಟುಗಳಲ್ಲಿ ಬರುತ್ತದೆ: ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, 4ರಿಂದ ಭಾಗಿಸಬೇಕು. 12 ಮತ್ತು 128 ಬಂದರೆ 800 ಆರ್‌ಪಿಎಂ, ಅಂದರೆ ನಿಂತ ಕಾರಿನ ಐಡಲ್. ಕಷ್ಟವಿರುವುದು ಕಂಪನಿಯ ಗುಟ್ಟಿನ ಸಂದೇಶಗಳಲ್ಲಿ. ಸರಿಯಾಗಿ ಓಡುವ ಅದೇ ಮಾದರಿಯ ಕಾರಿಗೆ ತಂತಿ ಸಿಕ್ಕಿಸಿ, ಆಕ್ಸಿಲರೇಟರ್ ಒತ್ತಿದಾಗ ಯಾವ ಬೈಟ್ ಏರುತ್ತದೆ, ಬಿಟ್ಟಾಗ ಯಾವುದು ಇಳಿಯುತ್ತದೆ ಎಂದು ಕೂತು ನೋಡಬೇಕು. ಕೆಲವು ಸಂದೇಶಗಳಲ್ಲಿ ಸರದಿ ಎಣಿಕೆ ಮತ್ತು ತಾಳೆ ಮೊತ್ತವೂ ಇರುತ್ತದೆ. ಅದು ತಪ್ಪಿದರೆ ಎಬಿಎಸ್ ಇಡೀ ಸಂದೇಶವನ್ನೇ ನಂಬುವುದಿಲ್ಲ.

ಇದೇನೋ ಲ್ಯಾಬಿನ ಸಾಹಸ ಎನಿಸಿದರೆ, ಡೊಂಬಿವಲಿಯ ಸಿಎನ್‌ಜಿ ಸಾಲಿನಲ್ಲಿ ನಿಂತ ಕಾರುಗಳನ್ನು ನೋಡಿ. ಹೊರಗೆ ಸಿಕ್ವೆನ್ಷಿಯಲ್ ಕಿಟ್ ಹಾಕಿಸಿದ ಪ್ರತಿ ಕಾರಿನಲ್ಲೂ ಇಂಥ ಒಂದು ಪೆಟ್ಟಿಗೆ ಇದೆ. ಗ್ಯಾಸ್‌ನಲ್ಲಿ ಓಡುವಾಗ ಅದು ಪೆಟ್ರೋಲ್ ಇಂಜೆಕ್ಟರುಗಳನ್ನು ಕಡಿದು, ಅವು ಇನ್ನೂ ಕೆಲಸ ಮಾಡುತ್ತಿವೆ ಎಂದು ಇಸಿಯುಗೆ ತೋರಿಸುತ್ತದೆ. ಇಸಿಯು ಕೊಟ್ಟ ಸಮಯವನ್ನು ಅಳೆದು, ಗ್ಯಾಸಿಗೆ ತಕ್ಕಂತೆ ಹಿಗ್ಗಿಸಿ, ಗ್ಯಾಸ್ ಇಂಜೆಕ್ಟರುಗಳಿಗೆ ರವಾನಿಸುತ್ತದೆ. ಇಷ್ಟು ಸುಳ್ಳಿಗೆ ನನ್ನ ತಕರಾರಿಲ್ಲ. ಆದರೆ ಏರ್‌ಬ್ಯಾಗ್ ಅಥವಾ ಎಬಿಎಸ್ ದೀಪ ಆರಿಸಲು ‘ಎಲ್ಲ ಸರಿ’ ಎಂದು ಹೇಳುವ ಪೆಟ್ಟಿಗೆ ಹಾಕುವವರಿದ್ದಾರೆ. ಅದು ಮೋಸ. ದೀಪ ಉರಿಯುತ್ತಿದ್ದರೆ ಚಾಲಕನಿಗೆ ಎಚ್ಚರಿಕೆಯಾದರೂ ಇರುತ್ತದೆ.

ಕಾನೂನಿನ ಮಾತೂ ಇದೆ. ಆರ್‌ಸಿ ಪುಸ್ತಕದಲ್ಲಿ ಎಂಜಿನ್ ನಂಬರ್ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕ ಕೊಟ್ಟ ವಿವರ ಬದಲಿಸದಂತೆ ಕಟ್ಟುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಬಿಗಿಯಾಗಿಯೇ ಓದಿತು. ನಂಬರ್ ಪ್ಲೇಟ್ ಥಾಣೆಯ ಎಂಎಚ್-04 ಇರಲಿ, ಕಲ್ಯಾಣದ 05 ಇರಲಿ, ವಾಶಿಯ 43 ಇರಲಿ, ಆರ್‌ಟಿಒ ಒಪ್ಪಿಗೆ ಪಡೆಯದೆ ಎಂಜಿನ್ ಬದಲಿಸಿದರೆ ಅಪಘಾತದ ದಿನ ವಿಮೆಯವರು ಕೇಳುವ ಮೊದಲ ಪ್ರಶ್ನೆ ಅದೇ. ಹಾಗಾಗಿ ದಿನಾ ಆಫೀಸಿಗೆ ಹೋಗುವ ಕಾರಿಗೆ ಬೇರೆ ಜಾತಿಯ ಎಂಜಿನ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಅದೇ ಮಾದರಿಯ, ಸಾಧ್ಯವಾದರೆ ಅದೇ ವರ್ಷದ ಎಂಜಿನ್ ಹುಡುಕಿ. ನಿಮ್ಮ ಹಳೆ ಇಸಿಯು ಒಣಗಿದ್ದು ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ, ಕೀಲಿಯ ತಂಟೆಯೇ ಇರುವುದಿಲ್ಲ.

ಗ್ಯಾರೇಜಿನವರು ‘ಆಯ್ತು, ತಗೊಂಡು ಹೋಗಿ’ ಎಂದಾಗ ಸುತ್ತು ಹೊಡೆದು ತೃಪ್ತರಾಗಬೇಡಿ. ಸ್ಕ್ಯಾನರ್ ಸಿಕ್ಕಿಸಿ ಲೈವ್ ಡೇಟಾ ತೆಗೆಸಿ. ಆರ್‌ಪಿಎಂ, ನೀರಿನ ಬಿಸಿ, ಗಾಡಿಯ ವೇಗ ಮೂರೂ ಮೀಟರಿಗೆ ತಾಳೆಯಾಗಬೇಕು, ಎಸಿ ಹಿಡಿಯಬೇಕು, ಬಿಸಿಯೇರಿದಾಗ ಫ್ಯಾನ್ ತಿರುಗಬೇಕು, ಕೀಲಿ ಹಾಕಿದೊಡನೆ ಎಬಿಎಸ್ ಮತ್ತು ಏರ್‌ಬ್ಯಾಗ್ ದೀಪ ಹೊತ್ತಿ ಕೆಲ ಕ್ಷಣಗಳಲ್ಲಿ ತಾವಾಗಿ ಆರಬೇಕು. ಕೀಲಿ ಹಾಕಿದಾಗ ಹೊತ್ತಿಕೊಳ್ಳದ ದೀಪ ಸರಿಯಾದ ದೀಪವಲ್ಲ, ಯಾರೋ ಕಿತ್ತ ದೀಪ. ಇಷ್ಟು ನೋಡಿಕೊಂಡ ಮೇಲೆ ಉಳಿದ ಹಣ ಎಣಿಸಿಕೊಡಿ.