ಹಗೇವಿನ ಬಾಯಿ, ಟೇಪಿನ ಸುರುಳಿ

ಮಹಾರಾಷ್ಟ್ರದ ಗಡಿಭಾಗದ ನಂದೇಶ್ವರದಲ್ಲಿ ನಮ್ಮ ಮುತ್ಯಾನ ಮನೆಯ ಅಂಗಳದಲ್ಲಿ, ನೆಲದೊಳಗೆ ಕಾಳು ಕಾಯ್ದಿಡುವ ಒಂದು ಹಗೇವು ಇತ್ತು. ಸುಗ್ಗಿ ಮುಗಿದ ಮೇಲೆ ಮಂಗಳವೇಢೆ ಎರೆನೆಲದ ಮಾಲದಂಡಿ ಜೋಳ ಅದರೊಳಗೆ ಇಳಿಯುತ್ತಿತ್ತು. ಒಳಗೋಡೆಗೆ ಒಣಹುಲ್ಲು ಒತ್ತಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುತ್ತಿರಲಿಲ್ಲ. ತೆರೆಯುವ ದಿನ ಮನೆಮಂದಿಯೆಲ್ಲ ಸುತ್ತ ನಿಲ್ಲುತ್ತಿದ್ದೆವು. ಬಾಯಿ ತೆಗೆದು, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. “ದೀಪ ಆರಿತಂದ್ರ ಯಾರೂ ಇಳೀಬ್ಯಾಡ್ರಿ” ಎಂದು ಮುತ್ಯಾ ಪ್ರತಿಸಲ ಹೇಳುತ್ತಿದ್ದ. ಹುಳವನ್ನು ಕೊಂದ ಗಾಳಿಯೇ ಮನುಷ್ಯನನ್ನೂ ಕೊಲ್ಲುತ್ತದೆ.

ದಿನದ ರೊಟ್ಟಿಗೆ ಬೇಕಾದ ಕಾಳು ಅಡುಗೆಮನೆಯ ಡಬ್ಬಿಯಲ್ಲಿರುತ್ತಿತ್ತು. ಬರಗಾಲದ ಕಾಳು ನೆಲದೊಳಗೆ. ಮುಂದೆ ಪುಣೆಯ ಒಂದು ಡೇಟಾ ಸೆಂಟರಿನಲ್ಲಿ ರಾತ್ರಿ ಪಾಳಿಯ ಟೇಪ್ ಆಪರೇಟರ್ ಆಗಿ ಸೇರಿದ ಮೊದಲ ವಾರವೇ ಈ ವ್ಯವಸ್ಥೆ ನನಗೆ ಗುರುತು ಸಿಕ್ಕಿತು. ಅಲ್ಲಿ ಡಿಸ್ಕುಗಳು ಡಬ್ಬಿ, ಟೇಪ್ ಲೈಬ್ರರಿ ಹಗೇವು.

ಟೇಪ್ ಎಂದರೆ ಹಳೆಯ ಕಾಲದ ಸಾಮಾನು ಎಂದೇ ಬಹಳ ಜನ ತಿಳಿದಿದ್ದಾರೆ. ಕಂಪ್ಯೂಟರಿಗೆ ಐಬಿಎಂ 726 ಎಂಬ ಟೇಪ್ ಡ್ರೈವ್ ಬಂದದ್ದು 1952ರಲ್ಲಿ. ಒಂದು ಸುರುಳಿಯಲ್ಲಿ ಸುಮಾರು ಇಪ್ಪತ್ತು ಲಕ್ಷ ಅಂಕಿಗಳು ಹಿಡಿಯುತ್ತಿದ್ದವು. 2021ರಲ್ಲಿ ಬಂದ ಎಲ್‌ಟಿಓ-9 ಎಂಬ ಒಂಬತ್ತನೆಯ ಪೀಳಿಗೆಯ ಟೇಪ್ ಕಾರ್ಟ್ರಿಜ್ ಅಂಗೈಯಲ್ಲಿ ಹಿಡಿಯುವಷ್ಟಿದೆ, ಅದರಲ್ಲಿ 18 ಟಿಬಿ ಹಿಡಿಯುತ್ತದೆ. ಒಳಗಿರುವುದು ಅರ್ಧ ಇಂಚು ಅಗಲದ, 1,035 ಮೀಟರ್ ಉದ್ದದ ಪಟ್ಟಿ. ದಪ್ಪ ಐದು ಮೈಕ್ರಾನಿಗಿಂತ ತುಸು ಹೆಚ್ಚು, ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು.

ಅದರ ಮೇಲೆ ಬರೆಯುವ ರೀತಿಯನ್ನು ನಮ್ಮ ಕಡೆಯ ಒಕ್ಕಲಿಗನಿಗೆ ವಿವರಿಸುವುದು ಸುಲಭ, ಹೊಲ ಹರಗಿದ ಹಾಗೆಯೇ. ಡ್ರೈವಿನ ಹೆಡ್ ಒಂದು ಸಲಕ್ಕೆ 32 ಸಾಲು ಬರೆಯುತ್ತ ಪಟ್ಟಿಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಪಕ್ಕಕ್ಕೆ ಸರಿದು ತಿರುಗಿ ಬರುತ್ತದೆ. ಹೀಗೆ 280 ಸಲ. ಒಂದು ಕಾರ್ಟ್ರಿಜ್ ತುಂಬುವ ಹೊತ್ತಿಗೆ ಟೇಪ್ ಹೆಡ್ಡಿನ ಕೆಳಗೆ ಸುಮಾರು 290 ಕಿಲೋಮೀಟರ್ ಓಡಿರುತ್ತದೆ. ಸೊಲ್ಲಾಪುರ ಬಿಟ್ಟವನು ಅಷ್ಟರಲ್ಲಿ ಪುಣೆ ದಾಟಿರುತ್ತಾನೆ. ಸೆಕೆಂಡಿಗೆ 400 ಎಂಬಿ ವೇಗದಲ್ಲಿ ಬರೆದರೂ ಅದಕ್ಕೆ ಹನ್ನೆರಡೂವರೆ ತಾಸು ಬೇಕು.

ಆ ವೇಗಕ್ಕೆ ಮಾಹಿತಿ ಒದಗಿಸುವುದೇ ಆಪರೇಟರನ ದೊಡ್ಡ ಚಿಂತೆ. ಬಿತ್ತುವಾಗ ಕೂರಿಗಿ ಬಟ್ಟಲಿಗೆ ಕಾಳು ಬಿಡುವ ಹೆಣ್ಣುಮಗಳ ಕೈ ನಿಂತರೆ ಎತ್ತು ನಿಲ್ಲುವುದಿಲ್ಲ, ಸಾಲು ಖಾಲಿ ಬೀಳುತ್ತದೆ. ಟೇಪಿನಲ್ಲಿ ಖಾಲಿ ಬಿಡುವಂತಿಲ್ಲ. ಸರ್ವರಿನಿಂದ ಮಾಹಿತಿ ನಿಧಾನವಾದರೆ ಡ್ರೈವ್ ನಿಲ್ಲಬೇಕು, ಹಿಂದೆ ಸರಿಯಬೇಕು, ಬಿಟ್ಟ ಜಾಗಕ್ಕೆ ಸರಿಯಾಗಿ ಬಂದು ಮತ್ತೆ ಓಡಬೇಕು. ಹಿಂದೆ ಮುಂದೆ ಈ ಉಜ್ಜಾಟಕ್ಕೆ ನಮ್ಮವರು ಶೂ ಶೈನಿಂಗ್ ಅನ್ನುತ್ತಾರೆ. ಟೇಪೂ ಸವೆಯುತ್ತದೆ, ಹೆಡ್ಡೂ ಸವೆಯುತ್ತದೆ. ಅದಕ್ಕೇ ಮಾಹಿತಿಯನ್ನು ಮೊದಲು ಡಿಸ್ಕಿನಲ್ಲಿ ರಾಶಿ ಹಾಕಿ, ಆಮೇಲೆ ಒಂದೇ ಓಟದಲ್ಲಿ ಟೇಪಿಗೆ ಸುರಿಯುವುದು.

ಲೈಬ್ರರಿ ಎಂದರೆ ಗಾಜಿನ ಬಾಗಿಲಿನ ಎತ್ತರದ ಕಪಾಟು. ಗೂಡು ಗೂಡಿನಲ್ಲಿ ಕಾರ್ಟ್ರಿಜ್‌ಗಳು, ನಡುವೆ ಮೇಲೆ ಕೆಳಗೆ ಓಡಾಡುವ ರೋಬೋ ಕೈ. ಪ್ರತಿ ಕಾರ್ಟ್ರಿಜ್ಜಿನ ಬೆನ್ನಿಗೆ ಎಂಟು ಅಕ್ಷರದ ಬಾರ್‌ಕೋಡ್. ಕೊನೆಯ ಎರಡು ಅಕ್ಷರ ಅದರ ಪೀಳಿಗೆ ಹೇಳುತ್ತವೆ. ಕೈ ಬಾರ್‌ಕೋಡ್ ಓದಿ, ಬೇಕಾದ್ದನ್ನು ಎಳೆದು ಡ್ರೈವಿಗೆ ಕೊಡುತ್ತದೆ. ಕಡತ ಕೈಗೆ ಬರಲು ಒಂದೆರಡು ನಿಮಿಷ. ಆಪರೇಟರ್ ಮಾಡುವುದು ಸಣ್ಣ ಸಣ್ಣ ಕೆಲಸ, ಆದರೆ ತಪ್ಪಿಸುವಂತಿಲ್ಲದ ಕೆಲಸ. ಹೊಸ ಟೇಪುಗಳನ್ನು ಹೊರಗಿನ ಕೋಣೆಯಿಂದ ತಂದು ಒಳಗಿನ ತಂಪಿಗೆ ಹೊಂದಿಕೊಳ್ಳಲು ಇಡಬೇಕು. ಡ್ರೈವ್ ಕೇಳಿದಾಗ ಮಾತ್ರ ಕ್ಲೀನಿಂಗ್ ಕಾರ್ಟ್ರಿಜ್ ಹಾಕಬೇಕು, ಅದು ಎಷ್ಟು ಸಲ ಬಳಕೆಯಾಯಿತೆಂದು ಲೆಕ್ಕ ಇಡಬೇಕು. ತುಂಬಿದ ಟೇಪುಗಳನ್ನು ಕಪಾಟಿನ ಮೇಲ್ ಸ್ಲಾಟ್ ಎಂಬ ಕಿಂಡಿಯಿಂದ ತೆಗೆದು ಬೇರೆ ಊರಿನ ಉಗ್ರಾಣಕ್ಕೆ ಕಳಿಸಬೇಕು. ಕೆಳಗೆ ಬಿದ್ದ ಟೇಪನ್ನು ಸುಮ್ಮನೆ ಒರೆಸಿ ಗೂಡಿಗೆ ಸೇರಿಸಬಾರದು. ಒಳಗಿನ ಎಳೆಪಿನ್ನು ಜಾರಿದ್ದರೆ ಡ್ರೈವ್ ಕೂಡ ಹಾಳು.

ಗೂಡಿನಲ್ಲಿ ಕೂತ ಟೇಪಿಗೆ ಕರೆಂಟು ಬೇಡ. ಕಪಾಟಿನಿಂದ ಹೊರತೆಗೆದಿಟ್ಟದ್ದಕ್ಕೆ ಯಾವ ಹ್ಯಾಕರನ ಕೈಯೂ ತಲುಪುವುದಿಲ್ಲ. ಬಾಯಿ ಮುಚ್ಚಿದ ಹಗೇವಿನ ಕಾಳಿಗೆ ಕಳ್ಳನ ಭಯ ಕಡಿಮೆ.

ಆದರೆ ಮುಚ್ಚುವುದು ಕೆಲಸದ ಅರ್ಧ ಭಾಗ. ನಾನು ಕಣ್ಣಾರೆ ಕಂಡ ಒಂದು ಕಚೇರಿಯಲ್ಲಿ ಹನ್ನೊಂದು ತಿಂಗಳು ಪ್ರತಿ ರಾತ್ರಿ ಬ್ಯಾಕಪ್ ಸಫಲವಾಗಿದೆ ಎಂಬ ಹಸಿರು ಗುರುತು ಬರುತ್ತಿತ್ತು. ಹನ್ನೆರಡನೆಯ ತಿಂಗಳು ಸರ್ವರ್ ಕೆಟ್ಟಿತು. ಟೇಪುಗಳೆಲ್ಲ ಚೆನ್ನಾಗಿಯೇ ಇದ್ದವು. ಆದರೆ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆದಿದ್ದರು, ಅದರ ಕೀಲಿ ಇದ್ದದ್ದು ಕೆಟ್ಟ ಸರ್ವರಿನಲ್ಲೇ! ಯಾವ ಕಡತ ಯಾವ ಟೇಪಿನಲ್ಲಿದೆ ಎಂಬ ಪಟ್ಟಿಯೂ ಅಲ್ಲೇ. ಆ ರಾತ್ರಿ ಕಪಾಟಿನ ಮುಂದೆ ನಿಂತ ನನಗೆ ಹೊಟ್ಟೆಯೊಳಗೆ ಕಲ್ಲು ಬಿದ್ದಂತಾಗಿತ್ತು. ಹನ್ನೊಂದು ತಿಂಗಳಲ್ಲಿ ಒಂದು ಸಲವೂ ಯಾರೂ ದೀಪ ಇಳಿಸಿ ನೋಡಿರಲಿಲ್ಲ. ಅಂದಿನಿಂದ ನನ್ನ ಪಾಳಿಯಲ್ಲಿ ವಾರಕ್ಕೊಂದು ಟೇಪು ಆರಿಸಿ, ಒಂದು ಕಡತ ಹೊರತೆಗೆದು, ಮೂಲದೊಂದಿಗೆ ತಾಳೆ ನೋಡದೆ ಮನೆಗೆ ಹೋದದ್ದಿಲ್ಲ.

2011ರ ಫೆಬ್ರುವರಿ ಕೊನೆಯಲ್ಲಿ ಗೂಗಲ್ ಇದರ ಇನ್ನೊಂದು ಮಗ್ಗುಲನ್ನು ಕಂಡಿತು. ಒಂದು ಸಾಫ್ಟ್‌ವೇರ್ ದೋಷದಿಂದ ಶೇ 0.02ರಷ್ಟು ಜಿಮೇಲ್ ಬಳಕೆದಾರರ ಅಂಚೆ ಮಾಯವಾಯಿತು. ಬೇರೆ ಬೇರೆ ಡೇಟಾ ಸೆಂಟರುಗಳಲ್ಲಿದ್ದ ಪ್ರತಿಗಳಿಗೂ ದೋಷ ತಗುಲಿತ್ತು. ಉಳಿದದ್ದು ತಂತಿಯ ಸಂಪರ್ಕವಿಲ್ಲದೆ ಕೂತಿದ್ದ ಟೇಪಿನ ಪ್ರತಿ. ಅದರಿಂದಲೇ ಅಂಚೆಯನ್ನು ಮರಳಿ ತಂದರು.

ನಮ್ಮ ಮಂಗಳವೇಢೆಯವರಿಗೆ ತೆರೆಯುವುದರ ಬೆಲೆಯನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. ಬೀದರಿನ ಅರಸರ ಕಾಲದಲ್ಲಿ ಬರ ಬಿದ್ದಾಗ ಸರಕಾರಿ ಕಣಜವನ್ನು ಹಸಿದವರಿಗೆ ತೆರೆದ ದಾಮಾಜಿಪಂತನ ಕಥೆ ಇಲ್ಲಿ ಮನೆಮನೆಯ ಮಾತು. ಅವನು ಹಂಚಿದ ಕಾಳಿನ ಬೆಲೆ ತೀರಿಸಲು ಪಂಢರಪುರದ ವಿಠ್ಠಲನೇ ಬೀದರಿಗೆ ಹೋದನಂತೆ.

ಕಣಜವೇ ಇಲ್ಲದಿದ್ದರೆ? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ನಮಗೆ ದೂರವಲ್ಲದ ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ನಲ್ಲಿ. ತೆರೆಕಂಡದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ನಟಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಇಲ್ಲ. ತೆರೆಯ ಮೇಲೆ ಕನ್ನಡ ಮೊದಲ ಸಲ ಮಾತಾಡಿದ ದನಿಯನ್ನು ನಾವು ಕಳೆದುಕೊಂಡಿದ್ದೇವೆ. ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ.

ಇನ್ನೊಂದು ದನಿ ಈಗ ನಮ್ಮ ಕಣ್ಣೆದುರೇ ಹೋಗುತ್ತಿದೆ. ದೀಪಾವಳಿಗೆ ನಮ್ಮ ಕಡೆಯ ಹುಲಜಂತಿಯಲ್ಲಿ ಮಾಳಿಂಗರಾಯನ ಜಾತ್ರೆ. ಭಂಡಾರದ ಹಳದಿಯಲ್ಲಿ ಪಲ್ಲಕ್ಕಿಗಳ ಭೇಟಿ, ರಾತ್ರಿಯೆಲ್ಲ ಡೊಳ್ಳಿನ ಪದ. ಅಂಗಡಿಯ ಬೋರ್ಡು ಮರಾಠಿ, ಹಾಡು ಕನ್ನಡ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ಹಳ್ಳಿಗಳಲ್ಲಿ ಆ ಪದಗಳನ್ನು, ಭಜನೆಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಟ್ಟವರು ಇದ್ದಾರೆ. ಹಾಡಿದವರಲ್ಲಿ ಬಹಳ ಮಂದಿ ಈಗಿಲ್ಲ. ನಲವತ್ತು ಡಿಗ್ರಿ ದಾಟುವ ಸೊಲ್ಲಾಪುರದ ಬೇಸಿಗೆಯಲ್ಲಿ, ತಗಡಿನ ಮಾಡಿನ ಕೆಳಗೆ, ಆ ಕ್ಯಾಸೆಟ್ಟುಗಳು ಬೇಯುತ್ತಿವೆ. ಕಾಯ್ದಿಡುವ ಟೇಪಿಗೆ ಬೇಕಾದದ್ದು 16ರಿಂದ 25 ಡಿಗ್ರಿಯ ತಂಪು, ಒಣ ಗಾಳಿ.

ಲೆಕ್ಕ ಹಾಕಿ ನೋಡಿದೆ. ಒಳ್ಳೆಯ ಗುಣಮಟ್ಟದಲ್ಲಿ ಒಂದು ತಾಸಿನ ಹಾಡಿಗೆ ಸುಮಾರು 1 ಜಿಬಿ ಬೇಕು. ಒಂದೇ ಎಲ್‌ಟಿಓ-9 ಕಾರ್ಟ್ರಿಜ್ಜಿನಲ್ಲಿ ಹದಿನೇಳು ಸಾವಿರ ತಾಸಿನ ಹಾಡು ಕೂರುತ್ತದೆ. ಗಡಿಯ ಎಲ್ಲ ತಾಲ್ಲೂಕುಗಳ ಕ್ಯಾಸೆಟ್ಟುಗಳೂ ಮೂರು ಕಾರ್ಟ್ರಿಜ್ಜಿನಲ್ಲಿ ಮುಗಿದಾವು. ಒಂದೊಂದಕ್ಕೂ ಮೂರು ಪ್ರತಿ, ಒಂದು ಪ್ರತಿ ಬೇರೆ ಊರಲ್ಲಿ. ದುಬಾರಿಯಾದದ್ದು ಡ್ರೈವ್. ಟೇಪ್ ಮೂವತ್ತು ವರ್ಷ ಬಾಳಿದರೂ ಎಲ್‌ಟಿಓ-9 ಡ್ರೈವ್ ಎಂಟನೆಯ ಪೀಳಿಗೆಯನ್ನು ಓದುತ್ತದೆ, ಏಳನೆಯದನ್ನು ಓದುವುದಿಲ್ಲ. ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸ ಟೇಪಿಗೆ ದಾಟಿಸುತ್ತಲೇ ಇರಬೇಕು. ಇದು ಒಬ್ಬ ಹಾಡುಗಾರನ ಮನೆಯಿಂದ ಆಗುವ ಮಾತಲ್ಲ. ಸೊಲ್ಲಾಪುರದ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಈ ಮೂರೂ ಗಡಿ ಮರೆತು ಒಂದು ಡ್ರೈವಿನ ಸುತ್ತ ಕೂಡಬೇಕು ಎಂದು ನಾನು ಕೈಮುಗಿದು ಕೇಳುತ್ತೇನೆ.

ಅಲ್ಲಿಯವರೆಗೆ ಕ್ಯಾಸೆಟ್ ಇಟ್ಟುಕೊಂಡವರು ಮಾಡಬಹುದಾದದ್ದು ಇಷ್ಟು. ಮಾಡಿನ ಕೆಳಗಿಂದ ಇಳಿಸಿ, ಮನೆಯ ತಂಪು ಮೂಲೆಯಲ್ಲಿ, ಸ್ಪೀಕರು, ಮೋಟಾರಿನಿಂದ ದೂರ, ನೆಟ್ಟಗೆ ನಿಲ್ಲಿಸಿಡಿ. ಮೇಲೆ ಮತ್ತೇನೂ ರೆಕಾರ್ಡ್ ಆಗದಂತೆ ಹಿಂಬದಿಯ ಎರಡು ಪ್ಲಾಸ್ಟಿಕ್ ಹಲ್ಲು ಮುರಿಯಿರಿ. ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ. ಒಂದು ಚೀಟಿಯಲ್ಲಿ ಹಾಡಿದವರ ಹೆಸರು, ಊರು, ಡೊಳ್ಳು ಹೊಡೆದವರು ಯಾರು, ಯಾವ ಜಾತ್ರೆ, ಯಾವ ವರ್ಷ ಎಂದು ಬರೆದು ಡಬ್ಬಿಯೊಳಗೆ ಇಡಿ. ನೆನಪಿರುವ ಹಿರಿಯರು ಇನ್ನೂ ಇದ್ದರೆ, ಈ ದೀಪಾವಳಿಗೆ ಹುಲಜಂತಿಗೆ ಹೋಗುವ ಮೊದಲೇ ಅವರನ್ನು ಕೇಳಿ ಬರೆದುಬಿಡಿ.