ಹಳೆಯ ಝೂಮ್ ಮಸೂರದ ಬಳಕೆ ಮತ್ತು ಆರೈಕೆ

ನನ್ನಲ್ಲಿರುವ ನಿಕಾನ್ 80–200 ಮಿ.ಮೀ. ಝೂಮ್ ಮಸೂರ 1970ರ ದಶಕದ ಮಾದರಿ. ಇದಕ್ಕೆ ಒಂದೇ ಬಳೆ: ತಿರುಗಿಸಿದರೆ ಬಿಂಬ ಸ್ಪಷ್ಟವಾಗುತ್ತದೆ, ಹಿಂದೆ ಮುಂದೆ ಸರಿಸಿದರೆ ಸಂಗಮದೂರ ಬದಲಾಗುತ್ತದೆ. ಶಾಲಾ ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ಪ್ರೇಕ್ಷಕರಿಗೆ ಅಡ್ಡ ನಿಲ್ಲದೆ, ಸಭೆಯ ಹಿಂಬದಿಯಿಂದಲೇ ಬಾಲಕಲಾವಿದರ ಮುಖಭಾವವನ್ನು ಇದರಿಂದ ಸೆರೆಹಿಡಿಯಬಹುದು. ಮೊದಲು 200ರಲ್ಲಿ ಬಿಂಬವನ್ನು ಸ್ಪಷ್ಟಗೊಳಿಸಿ, ಬಳಿಕ ಬೇಕಾದಷ್ಟು ಹಿಂದಕ್ಕೆ ತರುವುದು ಉತ್ತಮ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರಿನ ವೇಗ ಸೆಕೆಂಡಿನ 1/250 ಭಾಗಕ್ಕಿಂತ ನಿಧಾನವಾಗಬಾರದು. ಮಂದ ಬೆಳಕಿದ್ದರೆ ಟ್ರೈಪಾಡ್ ಬೇಕು.

ಬಳಕೆಗಿಂತಲೂ ಆರೈಕೆ ಮುಖ್ಯ. ಕಾಸರಗೋಡಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗಿಟ್ಟ ಮಸೂರಕ್ಕೆ ಬೂಷ್ಟು ಹಿಡಿದು, ಗಾಜಿನ ಲೇಪವೇ ಹಾಳಾದೀತು. ಸಿಲಿಕಾ ಜೆಲ್ ಇರಿಸಿದ ಬಿಗಿಮುಚ್ಚಳದ ಡಬ್ಬಿಯೇ ಅದಕ್ಕೆ ಯೋಗ್ಯ. ಗಡಿನಾಡಿನ ಕನ್ನಡ ಶಾಲೆಗೆ ಮಕ್ಕಳ ಚಿತ್ರಗಳೂ ಇತಿಹಾಸದ ದಾಖಲೆಗಳೇ. ಆದುದರಿಂದ ಈ ಗಾಜನ್ನು ಕಾಪಾಡುವುದೂ ನುಡಿಸೇವೆಯೆಂದು ನಾನು ಭಾವಿಸಿದ್ದೇನೆ.