ಯಾವ ಲಾರಿ ಆಫೀಸಿಗೆ ಸೇರಬೇಕು?

ಮಗ ಲಾರಿ ಓಡಿಸೋದು ಕಲಿತ. ಲೈಸೆನ್ಸು ಕೈಗೆ ಬಂತು. ಮನೆಯವರಿಗೆಲ್ಲ ಖುಷಿ. ಆದರೆ ಯಾರ ಹತ್ತಿರ ಕೆಲಸಕ್ಕೆ ಸೇರೋದು?

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರಿಗೆ ಇದೇ ಪ್ರಶ್ನೆ ಎದುರಾಯಿತು. ದಾವಣಗೆರೆಯ ಎರಡು ಲಾರಿ ಆಫೀಸಿನವರು ಅವರ ಮಗನನ್ನು ಕರೆದಿದ್ದರು. ಒಬ್ಬರು ತಿಂಗಳಿಗೆ 18,000 ರೂಪಾಯಿ ಅಂದರು. ಇನ್ನೊಬ್ಬರು 15,000 ಅಂದರು. ಮಗ 18,000 ಕೊಡುವವರ ಹತ್ತಿರ ಹೋಗ್ತೀನಿ ಅಂದ. ಅಕ್ಕ, "ತಡಿಯಪ್ಪ, ಲೆಕ್ಕ ಹಾಕೋಣ" ಅಂದರು. ನಾವೆಲ್ಲ ಸೇರಿ ಲೆಕ್ಕ ಹಾಕಿದೆವು.

ಸಂಬಳ ಮತ್ತು ಬಾಟಾ

ಡ್ರೈವರು ತಿಂಗಳಲ್ಲಿ 20 ದಿನ ದಾರಿಯಲ್ಲೇ ಇರುತ್ತಾನೆ ಅಂತ ಇಟ್ಟುಕೊಳ್ಳೋಣ. ಊಟ, ಚಹಾ, ಸ್ನಾನಕ್ಕೆ ದಿನಕ್ಕೆ 300 ರೂಪಾಯಿ ಬೇಕು. 20 ದಿನಕ್ಕೆ 6,000 ಆಯಿತು.

ಮೊದಲನೆಯವರು ಬಾಟಾ ಕೊಡೋದಿಲ್ಲ. 18,000ದಲ್ಲಿ 6,000 ಕಳೆದರೆ ಮನೆಗೆ ಬರೋದು 12,000.

ಎರಡನೆಯವರು ದಿನಕ್ಕೆ 300 ಬಾಟಾ ಬೇರೆ ಕೊಡ್ತಾರೆ. ಮನೆಗೆ ಪೂರಾ 15,000 ಬರುತ್ತೆ.

ನೋಡಿದಿರಾ? ದೊಡ್ಡ ಸಂಬಳ ಅಂದದ್ದು ಚಿಕ್ಕದಾಯಿತು. ಟೋಲು, ಪಂಕ್ಚರು, ಹಮಾಲಿ ಖರ್ಚು ಯಾರದು? ಮಾಲು ಕಡಿಮೆ ಬಂದರೆ ಯಾರ ಸಂಬಳದಲ್ಲಿ ಹಿಡೀತಾರೆ? ಇದನ್ನೂ ಮೊದಲೇ ಕೇಳಬೇಕು.

ಗಾಡಿಯ ಕಾಗದ

ಗಾಡಿ ಹತ್ತುವ ಮೊದಲು ಕಾಗದ ನೋಡಬೇಕು. ಆರ್‌ಸಿ, ವಿಮೆ, ಪರ್ಮಿಟ್ಟು, ಹೊಗೆ ತಪಾಸಣೆ ಪತ್ರ, ಎಫ್‌ಸಿ ಇರಬೇಕು. ಎಫ್‌ಸಿ ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನೋ ಪತ್ರ. ಪ್ರತಿ ಕಾಗದದಲ್ಲೂ ಕೊನೆಯ ತಾರೀಖು ಇರುತ್ತೆ. ಅಂಕಿ ಓದಲು ಬಂದವರು ಯಾರಾದರೂ ನೋಡಬಹುದು.

ವಿಮೆ ಇಲ್ಲದ ಗಾಡಿ ಓಡಿಸಿದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಇಲ್ಲವೆ 3 ತಿಂಗಳವರೆಗೆ ಜೈಲು. ಎರಡೂ ಆಗಬಹುದು. ಮಾಲೀಕರು ಮನೆಯಲ್ಲಿರುತ್ತಾರೆ. ದಾರಿಯಲ್ಲಿ ಸಿಕ್ಕಿಬೀಳೋದು ಡ್ರೈವರು.

ಅಳತೆ ಮೀರಿ ಮಾಲು ಹೇರಿಸುವವರ ಸಹವಾಸ ಬೇಡ. ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ 20,000 ರೂಪಾಯಿ ದಂಡ ಇದೆ. ಹೆಚ್ಚಾದ ಒಂದೊಂದು ಟನ್ನಿಗೆ ಮತ್ತೆ 2,000. ದಂಡ ಹೋಗಲಿ, ಜೀವ? ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಭಾರದ ಗಾಡಿ ಬ್ರೇಕಿಗೆ ಬೇಗ ನಿಲ್ಲೋದಿಲ್ಲ.

ನಿದ್ದೆ

ಕಾನೂನು ಹೇಳೋದು ದಿನಕ್ಕೆ 8 ಗಂಟೆ ಕೆಲಸ. "ರಾತ್ರಿಯೆಲ್ಲ ಓಡಿಸು, ಬೆಳಿಗ್ಗೆ ಮಾಲು ಮುಟ್ಟಿಸು" ಅನ್ನುವವರೂ ಇದ್ದಾರೆ. ಅವರ ಹತ್ತಿರ ಈಗಾಗಲೇ ಕೆಲಸ ಮಾಡುವ ಡ್ರೈವರುಗಳನ್ನು ಕೇಳಿ. ವಾರಕ್ಕೊಂದು ರಜೆ ಸಿಗುತ್ತಾ? ದೂರದ ದಾರಿಗೆ ಇಬ್ಬರು ಡ್ರೈವರು ಹೋಗ್ತಾರಾ? ಸಂಬಳ ತಾರೀಖಿಗೆ ಸರಿಯಾಗಿ ಬರುತ್ತಾ? ಗೋಡೆಯ ಮೇಲಿನ ಬೋರ್ಡಿಗಿಂತ ಅವರ ಮಾತು ನಿಜ.

ಖಾಲಿ ಕಾಗದ

ಅಕ್ಕ ಮಗನ ಜೊತೆ ತಾವೇ ಹೋದರು. ಮೊದಲನೆಯ ಆಫೀಸಿನಲ್ಲಿ ಖಾಲಿ ಕಾಗದ ಮುಂದಿಟ್ಟರು. "ಸಹಿ ಹಾಕಿಸಮ್ಮ, ಆಮೇಲೆ ಬರ್ಕೋತೀವಿ" ಅಂದರು.

ಅಕ್ಕನಿಗೆ ಹಳೆಯದು ನೆನಪಾಯಿತು. ಅವರ ಯಜಮಾನರು ಹಿಂದೆ ಹೀಗೇ ಒಂದು ಕಡೆ ಹೆಬ್ಬೆಟ್ಟು ಒತ್ತಿದ್ದರು. ತಗೊಂಡಿದ್ದು 5,000 ಅಡ್ವಾನ್ಸು. ಕಾಗದದಲ್ಲಿ 25,000 ಆಗಿತ್ತು. ಎರಡು ವರ್ಷ ದುಡಿದು ತೀರಿಸಿದರು.

ಅಕ್ಕ ಹೇಳಿದರು: "ಮೊದಲು ಬರೀರಿ ಸಾಹುಕಾರ್ರೇ. ನಾನು ಓದ್ತೀನಿ. ಆಮೇಲೆ ಇವನು ಸಹಿ ಹಾಕ್ತಾನೆ."

ಅವರು ಬರೆಯಲಿಲ್ಲ. ತಾಯಿ ಮಗ ಎದ್ದು ಬಂದರು. ಈಗ ಮಗ ಎರಡನೆಯವರ ಹತ್ತಿರ ಇದ್ದಾನೆ.

ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಬೇಕು ಅಂತ ಅವುಗಳಲ್ಲಿ ಇದೆ. ಅದನ್ನು ಕೇಳಿ ಪಡೆಯೋಣ. ಸಂಬಳ, ಬಾಟಾ ಅದರಲ್ಲಿ ಬರೆದಿದೆಯೇ ನೋಡೋಣ. ಅಡ್ವಾನ್ಸು ತಗೊಂಡರೆ ನಾವೂ ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡೋಣ. ಲೈಸೆನ್ಸು ಮಾಲೀಕರ ಬೀರುವಿನಲ್ಲಿ ಇರಬಾರದು. ಅದು ಡ್ರೈವರ ಜೇಬಿನಲ್ಲೇ ಇರಬೇಕು.

ಡ್ರೈವರಿಗೆ ಆಪತ್ತು ಬಂದರೆ ಮನೆಗೆ ಏನು ಆಸರೆ? ಇದನ್ನು ಕೇಳಲು ನಾಚಿಕೆ ಬೇಡ. ಪಿಎಫ್, ಇಎಸ್‌ಐ ಇದೆಯೇ ಅಂತ ಆಫೀಸಿನಲ್ಲಿ ಕೇಳಿ. ನಮ್ಮ ರಾಜ್ಯದಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣ ಮಂಡಳಿಯೂ ಇದೆ. ಹೆಸರು ಬರೆಸುವ ಬಗ್ಗೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಸ್ಟೇರಿಂಗು ಹಿಡಿಯುವವರು ಗಂಡ ಇರಲಿ, ಮಗ ಇರಲಿ, ನಾವೇ ಇರಲಿ. ಸಹಿಗೆ ಮೊದಲು ಓದೋಣ. ನಾವು ಅಕ್ಷರ ಕಲಿತದ್ದು ಇದಕ್ಕೇ ಅಲ್ಲವೇ?

ಮಾತಾಡೋಣ

1. ಬಾಟಾ ಇಲ್ಲದ 20,000 ಸಂಬಳ ಒಳ್ಳೆಯದೋ, ದಿನಕ್ಕೆ 300 ಬಾಟಾ ಇರುವ 16,000 ಸಂಬಳವೋ? 20 ದಿನಕ್ಕೆ ಲೆಕ್ಕ ಹಾಕಿ.
2. ನಿಮ್ಮ ಮನೆಯಲ್ಲಿ ಯಾರಾದರೂ ಖಾಲಿ ಕಾಗದಕ್ಕೆ ಸಹಿ ಹಾಕಿದ್ದಾರೆಯೇ? ಏನಾಯಿತು?